ಒಪ್ಪಿದವರು ಮೇಲೆ, ಒಪ್ಪದವರು ಕೆಳಗೆ

ನನ್ನ ಧ್ವನಿಯನ್ನು ನೀವು ಕೇಳಿದ್ದೀರಿ. ಬ್ಯಾಂಕಿಗೋ ಆಸ್ಪತ್ರೆಗೋ ಫೋನು ಮಾಡಿ ನೀವು ಕಾಯುತ್ತಿರುವಾಗ, "ನಿಮ್ಮ ಕರೆ ನಮಗೆ ಅಮೂಲ್ಯವಾದುದು, ದಯವಿಟ್ಟು ನಿರೀಕ್ಷಿಸಿ" ಎಂದು ಹೇಳಿ ಹೇಳಿ ನಿಮ್ಮಿಂದ ಬೈಸಿಕೊಳ್ಳುವ ಗಂಡಸು ನಾನೇ. ಅದು ನನ್ನ ಹೊಟ್ಟೆಪಾಡು. ಸ್ವಂತ ಧ್ವನಿಯನ್ನು ಹೀಗೆ ಊರಿನ ಶಾಪಕ್ಕೆ ಒಪ್ಪಿಸಿಬಿಟ್ಟ ಮೇಲೆ, ಉಳಿದ ಹೊತ್ತಿನಲ್ಲಿ ನಾನು ಬೇರೆಯವರ ಧ್ವನಿಗಳಲ್ಲಿ ಬದುಕುತ್ತೇನೆ. ಕಾಲೇಜಿನಲ್ಲಿ ಪ್ರಾಂಶುಪಾಲರ ಧ್ವನಿಯಲ್ಲಿ ಮೈಕಿನಿಂದ ರಜೆ ಘೋಷಿಸಿದೆ. ಇಡೀ ಕಾಲೇಜಿಗೆ ಅರ್ಧ ದಿನ ರಜೆ ಸಿಕ್ಕಿತು, ನನಗೆ ಒಂದು ವಾರ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ನಾನು ಕಲಿತದ್ದು ಏನೂ ಇಲ್ಲ ಎನ್ನುವುದಕ್ಕೆ ಈ ಕತೆಯೇ ಸಾಕ್ಷಿ.

ನಾವಿರುವುದು ಒಂದು ವಸತಿ ಸಂಕೀರ್ಣ. ಹೆಸರಿಗೆ ತಕ್ಕ ಹಾಗೆ ಅಲ್ಲಿ ಎಲ್ಲವೂ ಸಂಕೀರ್ಣವೇ. ಒಂಬತ್ತು ಮೆಟ್ಟಿಲುಸಾಲು, ಒಂದೊಂದಕ್ಕೂ ಐದು ಮಹಡಿ; ಒಂದೇ ಸಾಲನ್ನು ಹತ್ತಿಳಿಯುವ ಮನೆಗಳೆಲ್ಲ ಸೇರಿ ನಮ್ಮ ಮಾತಿನಲ್ಲಿ ಒಂದು 'ಮೆಟ್ಟಿಲು'. ಮುಂಚೆ ಒಂಬತ್ತಕ್ಕೂ ಸೇರಿ ಒಬ್ಬರೇ ಅಧ್ಯಕ್ಷರಿದ್ದರು. ನಮ್ಮ ಮೂರನೇ ಮಹಡಿಯ ಬಲ್ಬು ಕೆಟ್ಟರೆ ಅವರಿಗೆ ಅರ್ಜಿ ಕೊಡಬೇಕು. ಅರ್ಜಿ ಅವರ ಮೇಜಿನಲ್ಲಿ ಮಲಗಿರುತ್ತಿತ್ತು, ನಾವು ಕತ್ತಲೆಯಲ್ಲಿ ಮುಗ್ಗರಿಸುತ್ತಿದ್ದೆವು. ಹನ್ನೊಂದು ವರ್ಷ ಹೀಗೆ ನಡೆದ ಮೇಲೆ ಜನ ರೋಸಿಹೋಗಿ ಆ ಪದವಿಯನ್ನೇ ತೆಗೆದುಹಾಕಿದರು. ಇನ್ನು ಮೇಲೆ ಯಾವ ಮೆಟ್ಟಿಲಿನ ಸಂಗತಿಯೋ ಆ ಮೆಟ್ಟಿಲಿನವರೇ ತೀರ್ಮಾನಿಸಬೇಕು. ಬಲ್ಬು, ಬಣ್ಣ, ಸೈಕಲ್ಲು, ಕೆಳಗಿನ ಕೋಣೆ, ಎಲ್ಲ.

ಇದಕ್ಕೆ ನಿಯಮ ಬರೆದವರು ನನ್ನ ಅಕ್ಕನ ಮಾವ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅಂಗಡಿಯವರ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ನಗುವನ್ನೂ ಗ್ರಾಂ ಲೆಕ್ಕದಲ್ಲಿ ಕೊಡುವವರು. ಅಕ್ಕ, ಭಾವ ಮತ್ತು ಅವರು ಮೂರನೇ ಮಹಡಿಯಲ್ಲಿ. ಅವರ ತಲೆಯ ಮೇಲೆ, ನಾಲ್ಕನೇ ಮಹಡಿಯಲ್ಲಿ, ನಾನು. ಭಾವ ರೈಲಿನ ಚಾಲಕ. ಮನೆಯಲ್ಲಿದ್ದರೆ ನಿದ್ದೆಯಲ್ಲಿರುತ್ತಾನೆ, ಆದ್ದರಿಂದ ಅವನನ್ನು ಇಲ್ಲಿಗೇ ಬಿಟ್ಟುಬಿಡೋಣ. ಮಾವ ಬರೆದ ಪುಸ್ತಿಕೆ ನಲವತ್ತಾರು ಪುಟ. ಹೆಸರು "ವಿಕೇಂದ್ರೀಕೃತ ಸಮುದಾಯ ಆಡಳಿತ: ನಿಯಮಾವಳಿ ಮತ್ತು ಅನುಬಂಧಗಳು." ಮನೆಗೊಂದರಂತೆ ಹಂಚಿದ ದಿನ ಮೊದಲ ಮಹಡಿಯ ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು, "ಈ ವಿಕೇಂದ್ರ ಯಾರಪ್ಪಾ? ಹೊಸದಾಗಿ ಬಂದಿದ್ದಾನಾ? ಎಷ್ಟನೇ ಮಹಡಿ?"

ನಿಯಮಗಳೆಲ್ಲ ಅಷ್ಟೇನೂ ಕಷ್ಟದವಲ್ಲ. ಒಂಬತ್ತನೇ ಪುಟದಲ್ಲಿರುವ ಮತದ ನಿಯಮವಂತೂ ಬಲು ಸೊಗಸು. ಕೈ ಎತ್ತಿದರೆ ಹಿಂದಿನವರು ಕಾಣುವುದಿಲ್ಲ, ಚೀಟಿ ಬರೆದರೆ ಯಾರೋ ಎಣಿಸಬೇಕು. ಆದ್ದರಿಂದ ಎಲ್ಲರೂ ಮೊದಲನೇ ಮಹಡಿಯ ಮುಂದಿನ ಅಂಗಳದಷ್ಟು ಜಾಗದಲ್ಲಿ ಸೇರುವುದು. ಸಲಹೆಯನ್ನು ಓದಿದ ಮೇಲೆ, ಒಪ್ಪಿದವರು ಮೇಲಕ್ಕೆ ಹೋಗುವ ಮೆಟ್ಟಿಲು ಹತ್ತಿ ನಿಲ್ಲುವುದು. ಒಪ್ಪದವರು ಕೆಳಕ್ಕೆ ಹೋಗುವ ಮೆಟ್ಟಿಲು ಇಳಿದು ನಿಲ್ಲುವುದು. ಏನೂ ತೋಚದವರು ಅಲ್ಲೇ ನಿಲ್ಲುವುದು. ನಿವೃತ್ತ ಶಾಲಾ ಶಿಕ್ಷಕಿ, ನಾವೆಲ್ಲ ಹೆಡ್‌ಮಿಸ್ ಎಂದು ಕರೆಯುವವರು, ಅಡಿಕೋಲಿನ ತುದಿಯಿಂದ ತಲೆ ಎಣಿಸಿ ಪುಸ್ತಕದಲ್ಲಿ ಬರೆಯುವುದು. ಮುಗಿಯಿತು.

ತೊಂದರೆ ಏನೆಂದರೆ ಯಾರೂ ಬರುತ್ತಿರಲಿಲ್ಲ. ಆರು ಜನ, ಏಳು ಜನ, ಅವರಲ್ಲಿ ಮೂಲೆಯಲ್ಲಿ ಫೋನು ಹಿಡಿದು ನಿಂತ ನಾನೊಬ್ಬ. ಹೀಗೇ ಸುಮಾರು ಎರಡು ವರ್ಷ. ಒಂದು ದಿನ ಮಾವ ನನ್ನ ಬಾಗಿಲು ತಟ್ಟಿದರು.

"ಏನಯ್ಯಾ, ನೀನು ಫೋನಿನಲ್ಲಿ ಮಂಗನ ಆಟ ಆಡ್ತಿರ್ತೀಯಲ್ಲ."

"ಅದು ರೀಲ್ಸ್ ಮಾವ."

"ಅದೇ. ಅದರಲ್ಲಿ ಈ ನಿಯಮಗಳನ್ನೂ ಹೇಳು. ಜನ ಓದಲ್ಲ. ನೋಡ್ತಾರಂತೆ."

ಹೀಗೆ ನಾನು ಆಡಳಿತವನ್ನು ಜನರ ಅಂಗೈಗೆ ತಲುಪಿಸುವ ಮಹಾಕಾರ್ಯಕ್ಕೆ ಇಳಿದೆ. "ಒಂದು ನಿಮಿಷದಲ್ಲಿ ಒಂದು ಮೆಟ್ಟಿಲು" ಎಂದು ಸರಣಿಗೆ ಹೆಸರಿಟ್ಟೆ. ಮೊದಲ ಮೂರು ಕಂತುಗಳನ್ನು ನನ್ನದೇ ಧ್ವನಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪ್ರಾಮಾಣಿಕವಾಗಿ ಮಾಡಿದೆ. ಮೂರನ್ನೂ ಸೇರಿಸಿ ಹತ್ತೊಂಬತ್ತು ಸಲ ನೋಡಲಾಗಿತ್ತು. ಅದರಲ್ಲಿ ಹನ್ನೊಂದು ಸಲ ನಾನೇ. ಒಬ್ಬರು ಕೆಳಗೆ ಬರೆದಿದ್ದರು: "ಕೇಳ್ತಾ ಇದ್ದರೆ ಯಾಕೋ ಫೋನು ಇಟ್ಟುಬಿಡೋಣ ಅನಿಸುತ್ತೆ."

ಆಮೇಲೆ ಅನುಕರಣೆ ಶುರು ಮಾಡಿದೆ. ಅಜ್ಜಿಯಾಗಿ "ವಿಕೇಂದ್ರ ಎಷ್ಟನೇ ಮಹಡಿ" ಎಂದೆ. ಹೆಡ್‌ಮಿಸ್ ಆಗಿ ಅಡಿಕೋಲಿನಿಂದ ಬೆಕ್ಕನ್ನೂ ಸೇರಿಸಿ ಎಣಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಆದರೆ ನನ್ನನ್ನು ನಿಜವಾಗಿ ಮೇಲಕ್ಕೆ ಎತ್ತಿದ್ದು ಮಾವನ ಕಂತು.

ಮಾವನಿಗೆ ಒಂದು ಮಾತಿನ ಅಭ್ಯಾಸವಿದೆ. ಯಾವುದಕ್ಕೇ ಒಪ್ಪಲಿ, ಸಂತೋಷದಿಂದ ಒಪ್ಪುವುದಿಲ್ಲ. ಸೈಕಲ್ ನಿಲ್ಲಿಸುವ ಜಾಗದ ಬಗ್ಗೆ ಮತ ನಡೆದ ದಿನ ಅವರು ಕೋಟಿನ ಗುಂಡಿ ಹಾಕಿಕೊಂಡು, "ಒಪ್ಪಿದೆ. ಆದ್ರೆ ನನಗೇನೂ ಸಂತೋಷ ಇಲ್ಲ" ಎಂದು ಹೇಳಿ, ಕುತ್ತಿಗೆ ನೆಟ್ಟಗೆ ಮಾಡಿ, ಒಂದೊಂದು ಮೆಟ್ಟಿಲನ್ನೂ ತೂಕಕ್ಕೆ ಹಾಕುವವರಂತೆ ಮೇಲಕ್ಕೆ ಹೋದರು. ನಾನು ಅದನ್ನೇ ಮಾಡಿದೆ. ಅದೇ ಕೋಟು, ಅದೇ ಕುತ್ತಿಗೆ. ಆದರೆ ರೀಲ್ಸ್‌ನಲ್ಲಿ ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರ ಬೆರಳು ನಿಲ್ಲದಿದ್ದರೆ ಮುಂದೆ ನಿಲ್ಲುವುದಿಲ್ಲ. "ಒಪ್ಪಿದೆ, ಆದ್ರೆ" ಎನ್ನುವುದು ತುಂಬಾ ನಿಧಾನ. ಅದನ್ನು ಕತ್ತರಿಸಿದೆ. ಈಗ ಶುರುವಿನಲ್ಲೇ ಮಾವ, "ನನಗೇನೂ ಸಂತೋಷ ಇಲ್ಲ" ಎನ್ನುತ್ತಾರೆ, ಮೇಲಕ್ಕೆ ಹೋಗುತ್ತಾರೆ, ಮನೆಗೆ ಹೋಗಿ ಬಾಗಿಲು ಧಡಾರನೆ ಹಾಕಿಕೊಳ್ಳುತ್ತಾರೆ. ಬಾಗಿಲು ನನ್ನ ಸ್ವಂತ ಸೇರ್ಪಡೆ. ಅರವತ್ತು ಸಾವಿರ ಜನ ನೋಡಿದರು. ಯಾವುದೋ ಊರಿನ ಮಕ್ಕಳು ಶಾಲೆಯ ಮೆಟ್ಟಿಲ ಮೇಲೆ "ನನಗೇನೂ ಸಂತೋಷ ಇಲ್ಲ" ಎಂದು ಹತ್ತುವ ವಿಡಿಯೋ ನನಗೇ ಬಂತು. ನಾನು ಬೀಗಿದೆ. ಆ ವಾರ ಕಚೇರಿಯಲ್ಲಿ "ನಿಮ್ಮ ಕರೆ ಅಮೂಲ್ಯ" ಎನ್ನುವಾಗಲೂ ನನಗೆ ಗತ್ತು ಬಂದಿತ್ತಂತೆ; ಮೂರು ಸಲ ಮತ್ತೆ ಹೇಳಿಸಿದರು.

ಮಾವ ಅದನ್ನು ನೋಡಿದರೋ ಇಲ್ಲವೋ, ಏನೂ ಹೇಳಲಿಲ್ಲ. ಅಕ್ಕ ಹೇಳಿದಳು.

ಅಕ್ಕನ ಕೋಣೆಯನ್ನು ಮೊದಲು ತೋರಿಸಬೇಕು. ನಮ್ಮ ಮೆಟ್ಟಿಲಿನ ಬುಡದಲ್ಲಿ ಎಂಟು ಅಡಿಗೆ ಹತ್ತು ಅಡಿಯ ಕೋಣೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ತುಂಬಾ ಮೊಳೆ, ಮೊಳೆಗೊಂದು ಬಟ್ಟೆ, ಬಟ್ಟೆಗೊಂದು ಸರದಿಯ ಚೀಟಿ. ಉದ್ದ ಪ್ಯಾಂಟನ್ನು ಗಿಡ್ಡ ಮಾಡುವುದು, ಬಿಗಿಯಾದ ಅಂಗಿಯನ್ನು ಸಡಿಲ ಮಾಡುವುದು, ಜಿಪ್ಪು ಬದಲಿಸುವುದು. ಒಂದು ಸಲ ಅವಳು ಯಂತ್ರವನ್ನು ಮೂರನೇ ಮಹಡಿಯ ಮನೆಯಲ್ಲೇ ಇಟ್ಟು ನೋಡಿದ್ದಳು. ಅದರ ಸದ್ದಿಗೆ ಎರಡನೇ ಮಹಡಿಯ ಕೂಸು ನಿದ್ದೆ ಮಾಡಲಿಲ್ಲ, ಕೂಸು ಮಾಡದ್ದರಿಂದ ಕೂಸಿನ ಅಪ್ಪನೂ ಮಾಡಲಿಲ್ಲ. ನಾಲ್ಕನೇ ದಿನ ಯಂತ್ರ ಕೆಳಗೆ ಬಂತು. ಈ ಕೋಣೆ ಇದ್ದರೆ ಅಕ್ಕನಿಗೆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ. ವಿಷಯ ಅಷ್ಟೇ.

"ಅವರು ಒಪ್ಪಿಗೆ ಇದ್ದೇ ಮೇಲೆ ಹೋದದ್ದು ಕಣೋ," ಎಂದಳು ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಒಪ್ಪಿದೆ ಅನ್ನೋದನ್ನೇ ಕತ್ತರಿಸಿ ಬಿಸಾಕಿದ್ದೀಯ."

"ಮೊದಲ ಮೂರು ಸೆಕೆಂಡು ಮುಖ್ಯ ಅಕ್ಕಾ."

"ಬಟ್ಟೇಲೂ ಅಷ್ಟೇ. ಮೊದಲು ಎಲ್ಲಿ ಕತ್ತರಿ ಇಡ್ತೀಯ ಅನ್ನೋದೇ ಮುಖ್ಯ."

"ಜನ ನಗ್ತಿದ್ದಾರಲ್ಲ."

"ನಗ್ತಾರೆ. ಕಂಕುಳು ಹರಿದ ಅಂಗಿ ನೋಡಿದ್ರೂ ನಗ್ತಾರೆ."

ಎರಡು ತಿಂಗಳ ಮೇಲೆ ಸೂಚನಾ ಹಲಗೆಯ ಮೇಲೆ ಒಂದು ಸಲಹೆ ಅಂಟಿಸಲಾಯಿತು. ಮನೆಗೆ ಬರುವ ಪಾರ್ಸೆಲ್‌ಗಳು ಬಾಗಿಲ ಮುಂದೆ ಬಿದ್ದು ಕಾಣೆಯಾಗುತ್ತಿವೆ. ಆದ್ದರಿಂದ ಕೆಳಗಿನ ಕೋಣೆಯನ್ನು ತೆರವು ಮಾಡಿ ಅಲ್ಲಿ ಬೀಗದ ಪೆಟ್ಟಿಗೆಗಳ ಸಾಲು ಇಡಬೇಕು. ಸಲಹೆ ಕೊಟ್ಟವರು ಮಾವ.

ಅಕ್ಕ ಆ ದಿನ ಮಾವನಿಗೆ ಊಟ ಬಡಿಸುವಾಗ ಕೇಳಿದಳಂತೆ, "ಹಾಗಾದ್ರೆ ನಾನು ಎಲ್ಲಿಗೆ ಹೋಗ್ಲಿ ಮಾವ?" ಮಾವ ತಟ್ಟೆಯಿಂದ ತಲೆ ಎತ್ತದೆ, "ಕೋಣೆ ಮೆಟ್ಟಿಲಿಂದು, ಸೊಸೇದಲ್ಲ. ನನ್ನ ಕನ್ನಡಕದ ಪಾರ್ಸೆಲ್ಲೇ ಎರಡು ಸಲ ಕಳೆದುಹೋಗಿದೆ. ನೀನು ಬೇಡ ಅನ್ನೋದಾದ್ರೆ ಕೆಳಗೆ ಇಳಿ. ನಿನಗೆ ಆ ಹಕ್ಕು ಇದೆ, ಒಂಬತ್ತನೇ ಪುಟ" ಎಂದರಂತೆ. ಹಕ್ಕಿಗೆ ಪುಟ ಸಂಖ್ಯೆ ಕೊಡುವ ಮಾವಂದಿರು ಲೋಕದಲ್ಲಿ ಹೆಚ್ಚು ಇರಲಾರರು.

ಅಕ್ಕ ನನ್ನ ಹತ್ತಿರ ಬಂದಳು. ಅವಳು ಯಾವತ್ತೂ ನನ್ನಿಂದ ಏನನ್ನೂ ಕೇಳಿದವಳಲ್ಲ, ಕೊಟ್ಟವಳು. "ಜನ ಬಂದ್ರೆ ಉಳಿಯುತ್ತೆ ಕಣೋ. ಎಲ್ಲರ ಪ್ಯಾಂಟೂ ನಾನೇ ಮಡಚಿದ್ದೀನಿ, ಯಾರೂ ಬೇಡ ಅನ್ನಲ್ಲ. ಆದ್ರೆ ಬರಲ್ವಲ್ಲ."

"ಜನಾನ ತರೋದು ನನಗೆ ಬಿಡು," ಎಂದೆ. ಎದೆ ತಟ್ಟಿಕೊಂಡಿದ್ದೆ ಎಂದೂ ನೆನಪು.

ಅವತ್ತೇ ಹೊಸ ಕಂತು ಮಾಡಿದೆ. ಮಾವನ ಕೋಟು, ಮಾವನ ಕುತ್ತಿಗೆ. "ಭಾನುವಾರ ಹನ್ನೊಂದು ಗಂಟೆಗೆ ಅಕ್ಕನ ಕೋಣೆ ಕಿತ್ತುಕೊಳ್ತಾರಂತೆ. ನಿಮಗೆ ಸಂತೋಷ ಇದೆಯಾ? ನನಗೇನೂ ಸಂತೋಷ ಇಲ್ಲ." ಮೇಲಕ್ಕೆ ಹತ್ತಿದೆ. ಬಾಗಿಲು ಧಡಾರ್. ಫೋನಿನಲ್ಲಿರುವ ನಮ್ಮ ಮೆಟ್ಟಿಲಿನ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಒತ್ತಿದರು.

ಭಾನುವಾರ ಹನ್ನೊಂದಕ್ಕೆ ಜನ ಬಂದರು. ನಮ್ಮ ಮೆಟ್ಟಿಲಿನಲ್ಲಿ ಇಷ್ಟು ಜನ ವಾಸವಾಗಿದ್ದಾರೆಂದು ನನಗೇ ಗೊತ್ತಿರಲಿಲ್ಲ. ಎಣಿಸಿದರೆ ಮೂವತ್ತೈದು. ಅಜ್ಜಿ ಕುರ್ಚಿ ತರಿಸಿಕೊಂಡಿದ್ದರು. ಕೂಸಿನ ಅಪ್ಪ ಕೂಸನ್ನೇ ಹೊತ್ತು ತಂದಿದ್ದ. ಹೆಡ್‌ಮಿಸ್ ಕಣ್ಣಲ್ಲಿ ಹಳೆಯ ತರಗತಿಯ ಬೆಳಕು. ನಾನು ಮೂಲೆಯಲ್ಲಿ ನಿಂತು ಫೋನು ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದೆ. ಜನಸಾಗರ ಎಂದು ಮೇಲೆ ಬರೆಯಬೇಕೆಂದು ಆಗಲೇ ಯೋಚಿಸಿದ್ದೆ.

ಹೆಡ್‌ಮಿಸ್ ಸಲಹೆ ಓದಿದರು. "ಕೋಣೆ ತೆರವು ಮಾಡಿ ಬೀಗದ ಪೆಟ್ಟಿಗೆ ಇಡುವುದು. ಮತ ಒಂಬತ್ತನೇ ಪುಟದ ಪ್ರಕಾರ. ಹೊರಡಿ."

ಮೊದಲು ಹೊರಟವರು ಐದನೇ ಮಹಡಿಯ ದಂತವೈದ್ಯೆ. ಅಕ್ಕನ ಕಡೆ ನೋಡಿ ಧೈರ್ಯ ತುಂಬುವ ಹಾಗೆ ಕಣ್ಣು ಮಿಟುಕಿಸಿ, ಕುತ್ತಿಗೆ ನೆಟ್ಟಗೆ ಮಾಡಿ, "ನನಗೇನೂ ಸಂತೋಷ ಇಲ್ಲ" ಎಂದು ಮೇಲಕ್ಕೆ ಹತ್ತಿದರು. ಜನ ನಕ್ಕರು. ಅವರ ಹಿಂದೆ ಇಬ್ಬರು, "ನನಗೇನೂ ಸಂತೋಷ ಇಲ್ಲ." ಆಮೇಲೆ ಸಾಲೇ ಶುರುವಾಯಿತು. ಒಬ್ಬೊಬ್ಬರೂ ಅಕ್ಕನ ಭುಜ ತಟ್ಟುವುದು, ಮಾವನ ನಡಿಗೆಯಲ್ಲಿ ಮೇಲೆ ಹತ್ತುವುದು. ಮಾವ ಅವರ ನಡುವೆ ತಮ್ಮ ಸ್ವಂತ ನಡಿಗೆಯಲ್ಲಿ ಹತ್ತಿದರು. ಎಲ್ಲರಿಗಿಂತ ಕಳಪೆಯಾಗಿ ಮಾಡಿದವರು ಅವರೇ. ನಾನು ಚಿತ್ರ ತೆಗೆಯುತ್ತಾ ನಗುತ್ತಿದ್ದೆ. ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದು ಕಣ್ಣು ತುಂಬಿಬಂತು ಕೂಡ.

ಅಕ್ಕ ಕೆಳಗಿನ ಮೆಟ್ಟಿಲಿನಲ್ಲಿ ನಿಂತಿದ್ದಳು. ಅವಳ ಜೊತೆ ಕೂಸಿನ ಅಪ್ಪ. ಅಜ್ಜಿಯ ಕುರ್ಚಿಯನ್ನು ಅವನೇ ಒಂದು ಮೆಟ್ಟಿಲು ಕೆಳಗೆ ಇಳಿಸಿಕೊಟ್ಟ. ಅಜ್ಜಿಯ ಬಳಿ ಸ್ಮಾರ್ಟ್‌ಫೋನು ಇರಲಿಲ್ಲ, ಆದ್ದರಿಂದ ಅವರಿಗೆ ನಿಯಮ ಸರಿಯಾಗಿ ಗೊತ್ತಿತ್ತು.

ಹೆಡ್‌ಮಿಸ್ ಅಡಿಕೋಲು ಎತ್ತಿ ಎಣಿಸಿದರು. "ಒಪ್ಪಿದವರು ಮೂವತ್ತೊಂದು. ಒಪ್ಪದವರು ಮೂರು. ತಟಸ್ಥ, ಒಂದು." ಆ ಒಂದು ನಾನು. ಆಮೇಲೆ ಹಳೆಯ ಪುಟಗಳನ್ನು ತಿರುಗಿಸಿ ನೋಡಿದರೆ ಪ್ರತಿ ಸಭೆಯಲ್ಲೂ ಅದೇ ಇತ್ತು: ತಟಸ್ಥ, ಒಂದು. ಫೋನು ಹಿಡಿದು ನಿಂತವನು ಎರಡು ವರ್ಷ ಯಾವುದಕ್ಕೂ ಹೌದು ಎಂದಿಲ್ಲ, ಅಲ್ಲ ಎಂದಿಲ್ಲ.

ಮೇಲೆ ಹೋದವರು ನಿಲ್ಲಲಿಲ್ಲ. ಅವರು ಕಲಿತ ಪಾಠದ ಕೊನೆಗೆ ಒಂದು ಬಾಗಿಲಿತ್ತಲ್ಲ. ಎಣಿಕೆ ಮುಗಿಯುವಷ್ಟರಲ್ಲಿ ನಗುತ್ತಾ ಮನೆಗೆ ಹೋಗಿಬಿಟ್ಟರು. ಧಡಾರ್. ಧಡಾರ್. ಎರಡರಿಂದ ಐದನೇ ಮಹಡಿಯವರೆಗೆ ಒಂದೊಂದೇ ಬಾಗಿಲು ನನ್ನ ಯಶಸ್ಸನ್ನು ಸಾರಿತು. ಅಜ್ಜಿಯ ಕೆಳಗಿನ ಮೆಟ್ಟಿಲಿನಲ್ಲಿ ಅಕ್ಕ ಹಾಗೇ ನಿಂತಿದ್ದಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವಳು ಕೈಯಲ್ಲಿದ್ದ ಅಳತೆಯ ಟೇಪನ್ನು ಸುತ್ತಿಕೊಳ್ಳುತ್ತಿದ್ದಳು, ಅಂಗಡಿ ಮುಚ್ಚುವಾಗ ಸುತ್ತುವ ಹಾಗೆ.

"ಮಿಸ್, ಇದು ತಪ್ಪಾಗಿದೆ," ಎಂದೆ. "ಅವರೆಲ್ಲ ಅಕ್ಕನ ಪರ. ಗೊತ್ತಾಗದೆ ಮೇಲೆ ಹೋಗಿದ್ದಾರೆ."

"ಕಾಲು ಎಲ್ಲಿತ್ತೋ ಮತ ಅಲ್ಲಿ." ಹೆಡ್‌ಮಿಸ್ ಬರೆಯಲು ಕುಳಿತರು. "ಮತ್ತೊಮ್ಮೆ ನಡೆಸಬೇಕಾದರೆ, ಮೇಲೆ ಹೋದವರಲ್ಲಿ ಒಬ್ಬರು ಬಂದು ಕೇಳಬೇಕು. ನಾನು ಪುಸ್ತಕ ಮುಚ್ಚುವ ಮೊದಲು. ಹತ್ತೊಂಬತ್ತನೇ ಪುಟ."

ಮೇಲೆ ಹೋದವರಲ್ಲಿ ಮನೆಗೆ ಹೋಗದೆ ಉಳಿದವರು ಒಬ್ಬರೇ. ಮಾವ ಆರನೇ ಮೆಟ್ಟಿಲಿನ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದರು. ಅವರನ್ನು ಕೇಳುವ ಮುಖ ನನಗಿರಲಿಲ್ಲ. ಆ ಮುಖವನ್ನು ಅರವತ್ತು ಸಾವಿರ ಜನಕ್ಕೆ ತೋರಿಸಿ ಖರ್ಚು ಮಾಡಿದ್ದೆ.

ಹೆಡ್‌ಮಿಸ್ ಅಕ್ಷರ ದುಂಡಗೆ, ನಿಧಾನಕ್ಕೆ. ನನಗೆ ಸಿಕ್ಕಿದ್ದು ಒಂದು ಪುಟ ತುಂಬುವ ಹೊತ್ತು. ಮೊದಲು ಗುಂಪಿನಲ್ಲಿ ವಿಡಿಯೋ ಹಾಕಿದೆ: "ದಯವಿಟ್ಟು ಕೆಳಗೆ ಬನ್ನಿ, ತಪ್ಪಾಗಿದೆ, ಇದು ತಮಾಷೆಯಲ್ಲ." ಅರ್ಧ ನಿಮಿಷದಲ್ಲಿ ಹದಿನಾಲ್ಕು ಜನ ಕಣ್ಣೀರು ಬರುವಂತೆ ನಗುವ ಮುಖ ಒತ್ತಿದರು. ಮೆಟ್ಟಿಲು ಹತ್ತಿ ಓಡಿದೆ. ಎರಡನೇ ಮಹಡಿಯಲ್ಲಿ ಬಾಗಿಲು ತಟ್ಟಿ, ಏದುಸಿರು ಬಿಡುತ್ತಾ, ಎಷ್ಟೋ ವರ್ಷಗಳ ಮೇಲೆ ನನ್ನದೇ ಧ್ವನಿಯಲ್ಲಿ ಒಬ್ಬ ಮನುಷ್ಯನ ಹತ್ತಿರ ನೇರವಾಗಿ ಹೇಳಿದೆ:

"ದಯವಿಟ್ಟು ಒಂದು ನಿಮಿಷ ಕೆಳಗೆ ಬನ್ನಿ."

ಬಾಗಿಲು ತೆರೆದಾತ ಹೆಂಡತಿಯನ್ನು ಕರೆದ. "ಏ, ಬಾ ಇಲ್ಲಿ. ಫೋನಿನಲ್ಲಿ ಕಾಯಿಸ್ತಾನಲ್ಲ, ಅವನ ಹಾಗೇ ಮಾಡ್ತಿದ್ದಾನೆ ನೋಡು."

"ಅಯ್ಯೋ, ಥೇಟು ಅವನೇ," ಎಂದಳು ಆಕೆ. "ಇನ್ನೊಂದ್ಸಲ ಮಾಡಿ."

"ಇದು ನನ್ನ ಧ್ವನಿ ಕಣಮ್ಮಾ. ನಾನೇ ಅವನು."

"ಮುಖಾನೂ ಎಷ್ಟು ಬಾಡಿಸಿಕೊಂಡಿದ್ದಾರೆ ನೋಡ್ರೀ."

ಮೂರನೇ ಮಹಡಿಯಲ್ಲೂ ಹಾಗೇ. ನಾಲ್ಕರಲ್ಲಿ ದಯನೀಯವಾಗಿ ಮಾಡಿದೆನೆಂದು ಒಬ್ಬರು ಚಪ್ಪಾಳೆ ತಟ್ಟಿದರು. ಲೋಕದಲ್ಲಿ ಎಲ್ಲರ ಧ್ವನಿಗೂ ಬೆಲೆ ತಂದ ಗಂಟಲಿಗೆ ತನ್ನ ಧ್ವನಿಯಲ್ಲಿ ಒಬ್ಬನನ್ನೂ ಮೂರು ಮಹಡಿ ಇಳಿಸಲಾಗಲಿಲ್ಲ. ಕೆಳಗಿನಿಂದ ಹೆಡ್‌ಮಿಸ್ ಹಾಳೆ ತಿರುಗಿಸಿದ ಸದ್ದು ಕೇಳಿತು. ಅಕ್ಕನ ಕೈಯಲ್ಲಿ ಸುತ್ತಿಕೊಳ್ಳುತ್ತಿದ್ದ ಟೇಪು ನೆನಪಾಯಿತು.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ನಾಲ್ಕನೇ ಮಹಡಿಯ ಕಟಕಟೆ ಹಿಡಿದು, ಕುತ್ತಿಗೆ ನೆಟ್ಟಗೆ ಮಾಡಿ, ಮಾವನಾದೆ.

"ಯಾರದ್ರೀ ಅದು, ಎಣಿಕೆ ಮುಗಿಯೋ ಮೊದಲು ಮನೆಗೆ ಹೋದದ್ದು? ಮೇಲೆ ಹತ್ತೋದು ಅಂದ್ರೆ ಒಪ್ಪಿಗೆ. ಒಂಬತ್ತನೇ ಪುಟ. ಓದಿಲ್ವಾ? ನನ್ನ ಸೊಸೆಯ ಕೋಣೆ ನೀವೇ ಕಿತ್ತುಕೊಟ್ಟಿದ್ದೀರಿ. ಎಲ್ಲರೂ ಕೆಳಗಿಳೀರಿ. ಈಗಲೇ."

ಕ್ಯಾಮೆರಾ ಇಲ್ಲದೆ ಮಾಡಿದ ಮೊದಲ ಅನುಕರಣೆ ಅದು. ಬಾಗಿಲುಗಳು ತೆರೆದುಕೊಂಡವು. ತಕ್ಕಡಿ ಪರೀಕ್ಷಿಸುವ ಧ್ವನಿ ಅದು. ಕೇಳಿದರೆ ಯಾರಿಗೇ ಆಗಲಿ ತಾನೇ ಎಲ್ಲೋ ಕಡಿಮೆ ತೂಗಿದೆನೇನೋ ಎನಿಸುತ್ತದೆ. ದಂತವೈದ್ಯೆ ಒದ್ದೆ ಕೂದಲಲ್ಲೇ ಇಳಿದರು. "ಒಪ್ಪಿಗೆ ಅಂದ್ರೆ ಮೇಲಾ? ವಿಡಿಯೋದಲ್ಲಿ ಸಿಟ್ಟಿಂದ ಹೋಗ್ತಾರಲ್ಲ," ಎನ್ನುತ್ತಾ ಒಬ್ಬೊಬ್ಬರೂ ಗಾಬರಿಯಿಂದ ಇಳಿದರು.

ಮುಂದಿನದನ್ನು ನಾನು ನೋಡಲಿಲ್ಲ, ಅಕ್ಕ ಹೇಳಿದ್ದು. ಮಾವನ ಧ್ವನಿ ನಾಲ್ಕನೇ ಮಹಡಿಯಿಂದ ಗುಡುಗುತ್ತಿದ್ದಾಗ ಮಾವ ಆರನೇ ಮೆಟ್ಟಿಲಿನ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಹೆಡ್‌ಮಿಸ್ ಪೆನ್ನು ಎತ್ತಿ ಮೇಲೆ ನೋಡಿದರು, ಮಾವನನ್ನು ನೋಡಿದರು. ಮಾವ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು.

ನಾನು ಜನರ ಹಿಂದೆ ತಲೆ ತಗ್ಗಿಸಿ ಇಳಿದು ಬಂದಾಗ ದಂತವೈದ್ಯೆ ಮಾವನನ್ನು ಕೇಳುತ್ತಿದ್ದರು. "ನೀವು ಇಲ್ಲೇ ಇದ್ದೀರಲ್ಲ. ಮೇಲಿಂದ ಕೂಗಿದ್ದು ಯಾರು?"

ಮಾವ ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಎಲ್ಲರ ತಲೆಗಳ ಮೇಲಿಂದ ನನ್ನನ್ನು ನೋಡಿದರು.

"ನಾನೇ ಕೂಗಿದೆ," ಎಂದರು. "ಮಿಸ್, ನಾನು ಮೇಲೆ ಹೋದವನು. ಮತ್ತೊಮ್ಮೆ ಮತ ನಡೆಸಿ ಅಂತ ಕೇಳ್ತಿದ್ದೀನಿ. ಬರೆದುಕೊಳ್ಳಿ. ಮೂವತ್ತು ಜನ ತೂಕ ತಪ್ಪಿ ನನ್ನ ತಟ್ಟೆಗೆ ಬಿದ್ದರೆ ಅದು ನನ್ನ ತೂಕ ಆಗಲ್ಲ."

ಹೆಡ್‌ಮಿಸ್ ಮತ್ತೆ ಸಲಹೆ ಓದಿದರು. ಈ ಸಲ ಎಲ್ಲರೂ ಕಾಲು ನೋಡಿಕೊಂಡು ಹೊರಟರು. ನಾನು ಫೋನನ್ನು ಜೇಬಿಗೆ ಹಾಕಿ ಕೆಳಗೆ ಇಳಿದು ಅಕ್ಕನ ಪಕ್ಕ ನಿಂತೆ. ಅಡಿಕೋಲು ನನ್ನ ತಲೆಯ ಹತ್ತಿರ ತಡೆಯಿತು. "ಇವನು ಯಾವ ಮನೆ?" ಎಂದು ಹೆಡ್‌ಮಿಸ್ ಕೇಳಿದರು. ಅಕ್ಕ, "ನಾಲ್ಕನೇ ಮಹಡಿ ಮಿಸ್, ನನ್ನ ತಮ್ಮ" ಎಂದಳು. ಒಲ್ಲದ ಮನಸ್ಸಿನಿಂದ.

ಕೆಳಗೆ ಇಪ್ಪತ್ತನಾಲ್ಕು. ಮೇಲೆ ಏಳು. ಉಳಿದವರು ಸ್ನಾನಕ್ಕೋ ಊಟಕ್ಕೋ ಹೋಗಿದ್ದವರು ಮತ್ತೆ ಬರಲೇ ಇಲ್ಲ. ಕೋಣೆ ಉಳಿಯಿತು. ಮೇಲಿನ ಏಳರಲ್ಲಿ ಎಲ್ಲರಿಗಿಂತ ಎತ್ತರದಲ್ಲಿ, ಆರನೇ ಮೆಟ್ಟಿಲಿನ ಮೇಲೆ, ಮಾವ ನಿಂತಿದ್ದರು. ಸೊಸೆಗಾಗಿ ಒಂದು ಮೆಟ್ಟಿಲೂ ಇಳಿಯಲಿಲ್ಲ.

ಮಧ್ಯಾಹ್ನ ಅಕ್ಕ ನನ್ನನ್ನು ಕೋಣೆಗೆ ಕರೆಸಿ ಒಂದು ಡಬ್ಬಿ ಗುಂಡಿ ಮುಂದಿಟ್ಟಳು. ನಲವತ್ತು ಅಂಗಿಗಳಿಗೆ ಹಾಕಬೇಕಿತ್ತು. "ಇನ್ಮೇಲೆ ನನ್ನ ಪರವಾಗಿ ಏನೂ ಮಾಡಬೇಡ. ವಿರುದ್ಧವಾಗಿ ಮಾಡು, ಎಲ್ಲ ನೆಟ್ಟಗಾಗುತ್ತೆ," ಎಂದಳು. ನಾನು ಸೂಜಿಗೆ ದಾರ ಪೋಣಿಸುವುದರಲ್ಲೇ ಅರ್ಧ ಗಂಟೆ ಕಳೆದೆ.

ಹಳೆಯ ಕಂತನ್ನು ತೆಗೆದುಹಾಕಿ ಅದರ ಜಾಗಕ್ಕೆ ಹೊಸದನ್ನು ಹಾಕಿದ್ದೇನೆ. ಮಾವನೇ ಬಂದು ಕುಳಿತು ಒಂಬತ್ತನೇ ಪುಟವನ್ನು ತಮ್ಮ ಧ್ವನಿಯಲ್ಲಿ ಪೂರ್ತಿ ಓದಿದ್ದಾರೆ. ಒಂದು ಅಕ್ಷರವನ್ನೂ ಕತ್ತರಿಸಿಲ್ಲ, ನಾಲ್ಕು ನಿಮಿಷ. ಇಲ್ಲಿಯವರೆಗೆ ಇನ್ನೂರ ಆರು ಜನ ನೋಡಿದ್ದಾರೆ. ಕೆಳಗೆ ಬಂದ ಮೊದಲ ಅಭಿಪ್ರಾಯ: "ಈ ಸಲದ ಅನುಕರಣೆ ಅಷ್ಟು ಚೆನ್ನಾಗಿಲ್ಲ. ಕುತ್ತಿಗೆ ಸರಿಯಾಗಿ ಬಂದಿಲ್ಲ." ಮಾವನಿಗೆ ಓದಿ ಹೇಳಿದೆ. ಅವರು ಕನ್ನಡಿಯ ಮುಂದೆ ಹೋಗಿ ಕುತ್ತಿಗೆ ನೋಡಿಕೊಂಡು ಬಂದರು.

ಆ ವಾರದ ಕೊನೆಯಲ್ಲಿ ನಾನು ಇಪ್ಪತ್ತಮೂರನೇ ಅಂಗಿಯ ಗುಂಡಿಯಲ್ಲಿದ್ದಾಗ ಮಾವ ಒಂದು ಪ್ಯಾಂಟು ಹಿಡಿದು ಕೋಣೆಗೆ ಬಂದರು. ಕಾಲಿನ ಹತ್ತಿರ ಒಂದು ಇಂಚು ಉದ್ದ. ಅಕ್ಕ ಟೇಪು ಬಿಚ್ಚಿ ಅಳೆದಳು, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು, ಪ್ಯಾಂಟನ್ನು ಮೊಳೆಗೆ ನೇತುಹಾಕಿ ಚೀಟಿ ಬರೆದಳು.

"ಸರದಿ ಹನ್ನೆರಡು ಮಾವ. ಮುಂದಿನ ಗುರುವಾರ ಬನ್ನಿ."

"ಗುರುವಾರವಾ?"

"ಕೋಣೆ ಮೆಟ್ಟಿಲಿಂದು ಮಾವ, ಸೊಸೇದಲ್ಲ."

ಮಾವ ಚೀಟಿಯನ್ನು ಎರಡು ಸಲ ಓದಿ, ಮಡಚಿ, ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡರು.

"ಒಪ್ಪಿದೆ," ಎಂದರು. "ಆದ್ರೆ ನನಗೇನೂ ಸಂತೋಷ ಇಲ್ಲ."

ನನ್ನ ಕೈ ತಾನಾಗಿ ಜೇಬಿನ ಫೋನಿನ ಕಡೆ ಹೋಯಿತು. ಅಕ್ಕ ಕತ್ತರಿಯನ್ನು ಕೈಗೆತ್ತಿಕೊಂಡು ನನ್ನನ್ನು ನೋಡಿದಳು. ನಾನು ಗುಂಡಿ ಹಾಕಿದೆ.